ಗುಂಡು ಹಾರಿಸದೆ ಕಾರ್ಮಿಕ ಸಂಘ ಮುರಿಯೋದು ಹೇಗೆ? ಮೀರತ್ ಕಟಕಟೆಯಲ್ಲಿ ನಿಂತ ಮಂಗಳೂರಿಗ ಘಾಟೆಯ ಕತೆ

1926ರಲ್ಲಿ ಬೆಂಗಳೂರಿನ ಬಿನ್ನಿ ಮಿಲ್ ಮುಷ್ಕರದ ವೇಳೆ ಪೊಲೀಸರು ಗುಂಡು ಹಾರಿಸಿದರು, ಕಾರ್ಮಿಕರು ಸತ್ತರು. 1946ರ ನವೆಂಬರ್ 4ರಂದು ಕೆಜಿಎಫ್‌ನಲ್ಲಿ ಆರು ಮಂದಿ ಗಣಿ ಕಾರ್ಮಿಕರು ಪೊಲೀಸರ ಗುಂಡಿಗೆ ಬಲಿಯಾದರು. ಇಂಥವು ನಮ್ಮ ನೆನಪಲ್ಲಿ ಹೇಗೋ ಉಳಿದುಕೊಳ್ಳುತ್ತವೆ. ಸತ್ತವರ ಹೆಸರಿರುತ್ತೆ, ವರ್ಷಕ್ಕೊಂದು ದಿನ ಹೂವು ಇಡೋಕೆ ಒಂದು ಜಾಗ ಇರುತ್ತೆ, ಘೋಷಣೆ ಕೂಗೋಕೆ ನಾಲ್ಕು ಜನ ಇರುತ್ತಾರೆ. ಆದರೆ ಕಾರ್ಮಿಕ ಸಂಘಟಕರ ಮೇಲೆ ನಡೆದ ಇನ್ನೊಂದು ಬಗೆಯ ಹಿಂಸೆಗೆ ಇಂಥ ಜಾಗವೇ ಇಲ್ಲ. ಅದು ನಡೆದಿದ್ದು ಕಾಗದದ ಮೇಲೆ, ಕೋರ್ಟಿನ ಒಳಗೆ, ವರ್ಷಗಟ್ಟಲೆ ನಿಧಾನವಾಗಿ. ಅದನ್ನು ಅನುಭವಿಸಿದವರಲ್ಲಿ ನಮ್ಮ ಮಂಗಳೂರಲ್ಲಿ ಹುಟ್ಟಿದ ಒಬ್ಬರಿದ್ದಾರೆ: ಸಚ್ಚಿದಾನಂದ ವಿಷ್ಣು ಘಾಟೆ.

ಎಡಪಕ್ಷಗಳ ಇತಿಹಾಸ ಓದಿದವರಿಗೆ ಎಸ್.ವಿ. ಘಾಟೆ ಅಂದರೆ ಭಾರತ ಕಮ್ಯುನಿಸ್ಟ್ ಪಕ್ಷದ ಮೊದಲ ಪ್ರಧಾನ ಕಾರ್ಯದರ್ಶಿ. ಕ್ವಿಜ್‌ನಲ್ಲಿ ಬರುವ ಉತ್ತರ. ಪಕ್ಷದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಈ ಮನುಷ್ಯನ ಬದುಕಿನ 1929ರಿಂದ 1933ರವರೆಗಿನ ನಾಲ್ಕು ವರ್ಷಗಳನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಇವತ್ತು ಯಾವುದೋ ಹೋರಾಟಗಾರರ ಜಾಮೀನು ಅರ್ಜಿ ಹದಿನಾಲ್ಕನೇ ಸಲ ಮುಂದೂಡಿದೆ ಅನ್ನೋ ಸುದ್ದಿ ಓದಿ ಮುಂದಕ್ಕೆ ಸ್ಕ್ರೋಲ್ ಮಾಡುವ ನಮಗೆ, ಆ ಯಂತ್ರದ ಮೊದಲ ಮಾಡೆಲ್ ಹೇಗಿತ್ತು ಅಂತ ಗೊತ್ತಿರಬೇಕು. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಯಂತ್ರ ಅಂದಾಗ ಒಳಗಿನ ಹಲ್ಲುಚಕ್ರ ನೋಡುವ ಚಟ ಬಿಟ್ಟಿಲ್ಲ.

ಘಾಟೆ ಹುಟ್ಟಿದ್ದು 1896ರ ಡಿಸೆಂಬರ್‌ನಲ್ಲಿ. ಮಂಗಳೂರು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕೆನರಾ ಜಿಲ್ಲೆಯ ಊರು. ಬಾಸೆಲ್ ಮಿಷನ್ 1865ರಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆಯ ದಾರಿ ಹಿಡಿದು ಆಗಲೇ ಹಲವು ಹೆಂಚಿನ ಕಾರ್ಖಾನೆಗಳು ನದಿ ದಂಡೆಯಲ್ಲಿ ಹೊಗೆಯಾಡುತ್ತಿದ್ದವು. ಘಟ್ಟದ ಮೇಲಿನ ಕಾಫಿ ಇಳಿದು ಬಂದು ಇಲ್ಲಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹದವಾಗಿ ಹಡಗು ಹತ್ತುತ್ತಿತ್ತು. ಕಾಫಿ ಕೆಳಗಿಳಿದರೆ, ಜನ ಮೇಲೆ ಹತ್ತುತ್ತಿದ್ದರು. ಮಳೆಗಾಲ ಮುಗಿದ ಮೇಲೆ ತುಳುನಾಡಿನ ಬಡವರು ಗಂಟು ಮೂಟೆ ಕಟ್ಟಿ ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಿಗೆ ಹೋಗೋದು ಆ ಕಾಲದ ವಾರ್ಷಿಕ ಪದ್ಧತಿ. ಕರೆದೊಯ್ಯುವವನು ಮೇಸ್ತ್ರಿ. ಅವನು ಮುಂಗಡ ಕೊಡುತ್ತಿದ್ದ, ಆ ಮುಂಗಡ ತೀರುವವರೆಗೆ ಕೂಲಿಯವನು ಅವನ ಕೈಯಲ್ಲಿರುತ್ತಿದ್ದ.

ಬೇಲೂರು, ಹಳೇಬೀಡಿಗೆ ಕಾಲೇಜು ಟ್ರಿಪ್ ಹೋದವರು ಹೊಯ್ಸಳರ ಮದನಿಕೆ ನೋಡಿ, ಫೋಟೊ ತೆಗೆದು, ವಾಪಸ್ ಬರುತ್ತಾರೆ. ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಸಿಗುವ ತೋಟಗಳ ಲೈನ್ ಮನೆಗಳನ್ನು ನೋಡೋಕೆ ಯಾವ ಟೂರಿಸ್ಟ್ ಬಸ್ಸೂ ನಿಲ್ಲಲ್ಲ. ಆ ಲೈನ್ ಮನೆಗಳ ಹಿಂದೆ ಒಂದು ಕಾನೂನಿನ ಕತೆ ಇದೆ. ಬ್ರಿಟಿಷರು 1859ರಲ್ಲಿ ತಂದ ಕಾಯ್ದೆಯೊಂದರ ಪ್ರಕಾರ, ಮುಂಗಡ ತೆಗೆದುಕೊಂಡ ಕೆಲಸಗಾರ ಕೆಲಸ ಬಿಟ್ಟರೆ ಅದು ಬರೀ ಸಾಲದ ವ್ಯಾಜ್ಯ ಅಲ್ಲ, ಅಪರಾಧ. ಮ್ಯಾಜಿಸ್ಟ್ರೇಟರು ಅವನನ್ನು ಜೈಲಿಗೆ ಕಳಿಸಬಹುದಿತ್ತು. ಮಾಲೀಕ ಮಾತು ತಪ್ಪಿದರೆ ಮಾತ್ರ ಅದು ಸಿವಿಲ್ ವಿಷಯ! ದಕ್ಷಿಣದ ತೋಟದ ಮಾಲೀಕರಿಗೆ ಇದು ಬಹಳ ಪ್ರೀತಿಯ ಕಾನೂನಾಗಿತ್ತು. ಅದನ್ನು ರದ್ದು ಮಾಡುವ ಕಾಯ್ದೆ ಬಂದಿದ್ದು 1925ರಲ್ಲಿ. ತೋಟಗಳಲ್ಲಿ ಗಟ್ಟಿಯಾದ ಕಾರ್ಮಿಕ ಸಂಘ ಬರೋಕೆ ಇನ್ನೂ ದಶಕಗಳೇ ಬೇಕಾದವು. ತೋಟ ಕಾರ್ಮಿಕರ ಕಾಯ್ದೆ ಬಂದಿದ್ದು 1951ರಲ್ಲಿ. ಸಂಘವೇ ಹುಟ್ಟದ ಹಾಗೆ ನೋಡಿಕೊಂಡರೆ ಸಂಘಟಕರನ್ನು ಹೊಡೆಯುವ ಅಗತ್ಯವೇ ಬೀಳಲ್ಲ ಅಲ್ವಾ?

ಮಂಗಳೂರಿನಿಂದ ಆ ಕಾಲದಲ್ಲಿ ಬದುಕು ಹುಡುಕಿ ಹೊರಟವರಿಗೆ ಎರಡು ದಾರಿ. ಏನೂ ಇಲ್ಲದವರಿಗೆ ಘಟ್ಟ, ಅಷ್ಟಿಷ್ಟು ಅಕ್ಷರ ಇದ್ದವರಿಗೆ ಸಮುದ್ರ. ಸ್ಟೀಮರ್ ಹತ್ತಿದರೆ ಮುಂಬೈ. ಘಾಟೆ ಎರಡನೇ ದಾರಿ ಹಿಡಿದರು. 1920ರ ದಶಕದ ಮೊದಲರ್ಧದಲ್ಲಿ ಮುಂಬೈನಲ್ಲಿ ಶ್ರೀಪಾದ ಅಮೃತ ಡಾಂಗೆಯ ಸುತ್ತ ಕೂಡಿದ್ದ ಒಂದು ಸಣ್ಣ ಗುಂಪಿಗೆ ಸೇರಿಕೊಂಡರು. ಮಿರಜಕರ್, ಜೋಗಳೇಕರ್, ನಿಂಬ್ಕರ್ ಅದರಲ್ಲಿದ್ದ ಇತರರು. ಗಾಂಧಿಯ ಅಸಹಕಾರ ಚಳವಳಿ ನಿಂತ ಮೇಲೆ ಮುಂದೇನು ಅಂತ ತಡಕಾಡುತ್ತಿದ್ದ ಹುಡುಗರು ಇವರು.

1924ರಲ್ಲಿ ಕಾನ್ಪುರ ಪಿತೂರಿ ಮೊಕದ್ದಮೆ ನಡೆದು ಡಾಂಗೆ, ಮುಜಫ್ಫರ್ ಅಹ್ಮದ್, ಶೌಕತ್ ಉಸ್ಮಾನಿ, ನಳಿನಿ ಗುಪ್ತ ನಾಲ್ವರಿಗೂ ನಾಲ್ಕು ನಾಲ್ಕು ವರ್ಷ ಜೈಲಾಯಿತು. ಮಾತುಗಾರರೆಲ್ಲ ಒಳಗೆ ಹೋದಾಗ ಹೊರಗೆ ಉಳಿದವರು ಕೆಲಸ ಮಾಡಬೇಕಲ್ಲ. 1925ರ ಡಿಸೆಂಬರ್ ಕೊನೆಗೆ ಅದೇ ಕಾನ್ಪುರದಲ್ಲಿ ದೇಶದ ಕಮ್ಯುನಿಸ್ಟ್ ಗುಂಪುಗಳ ಮೊದಲ ಬಹಿರಂಗ ಸಮ್ಮೇಳನ ಸೇರಿತು. ಮದ್ರಾಸಿನ ಸಿಂಗಾರವೇಲು ಅಧ್ಯಕ್ಷರು. ಘಾಟೆ ಮತ್ತು ರಾಜಸ್ಥಾನದ ಬಾಗೇರ್‌ಹಟ್ಟ ಇಬ್ಬರೂ ಕಾರ್ಯದರ್ಶಿಗಳಾದರು. ಬಾಗೇರ್‌ಹಟ್ಟ ಪೊಲೀಸರ ಕಡೆಯವರು ಅನ್ನೋ ಗುಮಾನಿ ಹುಟ್ಟಿ ಅವರು ಹಿಂದೆ ಸರಿದ ಮೇಲೆ, 1927ರಲ್ಲಿ ಘಾಟೆ ಒಬ್ಬರೇ ಪ್ರಧಾನ ಕಾರ್ಯದರ್ಶಿ. ಅವರಿಗಾಗ ಮೂವತ್ತು. ಅದೇ ವರ್ಷ ಎಐಟಿಯುಸಿಯ ಪದಾಧಿಕಾರಿಗಳಲ್ಲೂ ಒಬ್ಬರಾದರು.

ಘಾಟೆ ಭಾಷಣಕಾರರಲ್ಲ. ಡಾಂಗೆ ಮಾತಾಡಿದರೆ ಸಾವಿರಾರು ಗಿರಣಿ ಕಾರ್ಮಿಕರು ನಿಂತು ಕೇಳುತ್ತಿದ್ದರು; ಘಾಟೆಯದು ಲೆಕ್ಕ, ಪತ್ರ, ಹಣ, ಸಂಪರ್ಕ. ಚಳವಳಿಗಳ ಇತಿಹಾಸ ಬರೆಯುವವರು ಇಂಥವರನ್ನು ಒಂದು ಸಾಲಲ್ಲಿ ಮುಗಿಸಿಬಿಡುತ್ತಾರೆ. ಆದರೆ ಪೊಲೀಸರು ಮುಗಿಸಲ್ಲ. ಅವರಿಗೆ ಭಾಷಣಕ್ಕಿಂತ ಪತ್ರ ಮುಖ್ಯ.

ಇನ್ನು 1928. ಮುಂಬೈನ ಬಟ್ಟೆ ಗಿರಣಿ ಮಾಲೀಕರು ಕೆಲಸದ ಪದ್ಧತಿಯನ್ನು ಬದಲಿಸಲು ಹೊರಟಿದ್ದರು. ಎರಡು ಮಗ್ಗ ನೋಡಿಕೊಳ್ಳುತ್ತಿದ್ದವನು ಮೂರು ನೋಡಿಕೊಳ್ಳಬೇಕು, ನೂಲಿನ ಯಂತ್ರದ ಒಂದು ಬದಿ ನೋಡುತ್ತಿದ್ದವನು ಎರಡೂ ಬದಿ ನೋಡಬೇಕು. ಉಳಿದವರು ಮನೆಗೆ. ಇದಕ್ಕೆ ಅವರಿಟ್ಟ ಹೆಸರು ವೈಜ್ಞಾನಿಕ ಪುನರ್‌ವ್ಯವಸ್ಥೆ. (ನಮ್ಮ ಕಾಲದ ಐಟಿ ಕಂಪನಿಗಳ ಎಚ್‌ಆರ್ ಮೇಲ್ ಓದಿದವರಿಗೆ ಈ ಭಾಷೆ ಹೊಸದೇನಲ್ಲ.) ಏಪ್ರಿಲ್‌ನಲ್ಲಿ ಮುಷ್ಕರ ಶುರುವಾಯಿತು, ಅಕ್ಟೋಬರ್ ಮೊದಲ ವಾರದವರೆಗೆ ನಡೆಯಿತು. ಸುಮಾರು ಒಂದೂವರೆ ಲಕ್ಷ ಜನ, ಆರು ತಿಂಗಳು. ಈ ಮುಷ್ಕರದ ನಡುವೆಯೇ ಗಿರಣಿ ಕಾಮಗಾರ್ ಯೂನಿಯನ್ ನೋಂದಣಿಯಾಯಿತು. ಆಗ ಅದರ ಸದಸ್ಯರು 324. ಡಿಸೆಂಬರ್‌ಗೆ 54,000.

ಈ ಮುಷ್ಕರವನ್ನು ಬರೀ ವೀರಗಾಥೆ ಮಾಡೋದು ಬೇಡ. ಗಿರಣಿಗಳ ನೇಯ್ಗೆ ವಿಭಾಗದಲ್ಲಿ ದಲಿತರಿಗೆ ಪ್ರವೇಶ ಇರಲಿಲ್ಲ. ದಾರ ತುಂಡಾದಾಗ ಬಾಯಿಂದ ಒದ್ದೆ ಮಾಡಿ ಜೋಡಿಸಬೇಕು, ಅಸ್ಪೃಶ್ಯರ ಎಂಜಲು ತಾಗುತ್ತೆ ಅನ್ನೋದು ಜೊತೆಯ ಕಾರ್ಮಿಕರ ತಕರಾರು. ಕೂಲಿ ಹೆಚ್ಚಿದ್ದಿದ್ದೂ ಅದೇ ವಿಭಾಗದಲ್ಲಿ. ಇದನ್ನು ಮುಷ್ಕರದ ಬೇಡಿಕೆ ಪಟ್ಟಿಗೆ ಸೇರಿಸದಿದ್ದರೆ ನಮ್ಮ ಜನ ನಿಮ್ಮ ಜೊತೆ ಬರಲ್ಲ ಅಂತ ಅಂಬೇಡ್ಕರ್ ಒತ್ತಡ ಹಾಕಬೇಕಾಯಿತು. ಕೆಂಬಾವುಟದವರು ಒಪ್ಪಿದರು, ಆದರೆ ಒತ್ತಾಯಕ್ಕೆ ಒಪ್ಪಿದರು. 1929ರ ಮುಷ್ಕರವನ್ನು ಅಂಬೇಡ್ಕರ್ ವಿರೋಧಿಸಿದರು. ಇಬ್ಬರೂ ಒಂದೇ ವೇದಿಕೆಗೆ ಬಂದು ಮುಂಬೈಯನ್ನು ನಿಲ್ಲಿಸಿದ್ದು 1938ರ ನವೆಂಬರ್ 7ರಂದು, ಮುಷ್ಕರದ ಹಕ್ಕು ಕಸಿಯುವ ಮಸೂದೆಯ ವಿರುದ್ಧ. ಹತ್ತು ವರ್ಷ ತಡ.

54,000 ಸದಸ್ಯರ ಸಂಘವನ್ನು ಏನು ಮಾಡೋದು? ಸರ್ಕಾರದ ಮುಂದಿದ್ದ ಪ್ರಶ್ನೆ ಇದು. ಗುಂಡಿನ ಅನುಭವ ಅವರಿಗಿತ್ತು. 1908ರಲ್ಲಿ ತಿಲಕರಿಗೆ ಆರು ವರ್ಷ ಶಿಕ್ಷೆಯಾದಾಗ ಮುಂಬೈನ ಗಿರಣಿ ಕಾರ್ಮಿಕರು ವರ್ಷಕ್ಕೊಂದು ದಿನದಂತೆ ಆರು ದಿನ ಕೆಲಸ ನಿಲ್ಲಿಸಿದ್ದರು. ಸೈನ್ಯ ಗುಂಡು ಹಾರಿಸಿತು, ಹಲವರು ಸತ್ತರು, ಕತೆ ದೊಡ್ಡದಾಯಿತು. ಮದ್ರಾಸಿನಲ್ಲಿ ಇನ್ನೊಂದು ದಾರಿ ಪ್ರಯೋಗವಾಗಿತ್ತು. ಬೆಂಗಳೂರಿನ ಬಿನ್ನಿ ಮಿಲ್ ನಡೆಸುತ್ತಿದ್ದ ಅದೇ ಬಿನ್ನಿ ಕಂಪನಿ, ಪೆರಂಬೂರಿನ ತನ್ನ ಬಕಿಂಗ್‌ಹ್ಯಾಮ್ ಮಿಲ್ಲಿನ ತಕರಾರಿನಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಮೇಲೆ ಹೈಕೋರ್ಟಿನಲ್ಲಿ ನಷ್ಟ ಪರಿಹಾರದ ದಾವೆ ಹೂಡಿತ್ತು. ಕಾರ್ಮಿಕರಿಗೆ ಸಂಘ ಕಟ್ಟಿ ಅಂತ ಹೇಳಿದ್ದೇ ತಪ್ಪು, ಅದರಿಂದ ಕಂಪನಿಗೆ ನಷ್ಟ ಅನ್ನೋದು ವಾದ. ಕೋರ್ಟ್ ಕಂಪನಿಯ ಪರ ನಿಂತಿತು. ಕೊನೆಗೆ ರಾಜಿಯ ಷರತ್ತಿನಂತೆ ಸಂಘದ ನಾಯಕ ಬಿ.ಪಿ. ವಾಡಿಯಾ ಸಂಘದಿಂದಲೇ ದೂರ ಹೋಗಬೇಕಾಯಿತು. ಒಂದು ಕಾಗದ ಸಾಕಾಗಿತ್ತು. ಸಂಘ ಕಟ್ಟಿದ್ದಕ್ಕೇ ಹೀಗೆ ದಾವೆ ಹಾಕೋದನ್ನು ತಡೆಯಲೆಂದೇ 1926ರ ಟ್ರೇಡ್ ಯೂನಿಯನ್ ಕಾಯ್ದೆ ಬಂತು. ಹಾಗಾಗಿ 1928ರ ಹೊತ್ತಿಗೆ ಸಿವಿಲ್ ದಾವೆಯ ದಾರಿ ಮುಚ್ಚಿತ್ತು. ಬೇರೆ ಕಾಗದ ಬೇಕಿತ್ತು.

ಮೂರು ಕಾಗದ ತಯಾರಾದವು. ಒಂದು ಸಾರ್ವಜನಿಕ ಸುರಕ್ಷತಾ ಮಸೂದೆ, ವಿದೇಶಿ ಕಮ್ಯುನಿಸ್ಟರನ್ನು ಗಡೀಪಾರು ಮಾಡೋಕೆ. 1928ರಲ್ಲಿ ಶಾಸನಸಭೆಯಲ್ಲಿ ಮತ ಸಮವಾದಾಗ ಅಧ್ಯಕ್ಷ ವಿಠಲಭಾಯಿ ಪಟೇಲ್ ತಮ್ಮ ಮತ ಹಾಕಿ ಅದನ್ನು ಬೀಳಿಸಿದರು. ಇನ್ನೊಂದು ಕಾರ್ಮಿಕ ವಿವಾದಗಳ ಮಸೂದೆ: ಬೇರೆಯವರ ಬೆಂಬಲಕ್ಕೆ ಮುಷ್ಕರ ಮಾಡುವಂತಿಲ್ಲ, ಸಾರ್ವಜನಿಕ ಸೇವೆಗಳಲ್ಲಿ 14 ದಿನ ಮೊದಲೇ ನೋಟಿಸ್ ಕೊಡದೆ ಕೆಲಸ ನಿಲ್ಲಿಸುವಂತಿಲ್ಲ. 1929ರ ಏಪ್ರಿಲ್ 8ರಂದು ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ಶಾಸನಸಭೆಯಲ್ಲಿ ಬಾಂಬ್ ಎಸೆದಿದ್ದು ಈ ಮಸೂದೆ ಪಾಸಾದ ಹೊತ್ತಿನಲ್ಲಿ. ಭಗತ್ ಸಿಂಗ್ ಫೋಟೊ ಡಿಪಿಗೆ ಹಾಕುವ ಎಷ್ಟು ಜನರಿಗೆ ಅದು ಕಾರ್ಮಿಕರ ಮುಷ್ಕರದ ಹಕ್ಕಿನ ವಿಷಯ ಅಂತ ಗೊತ್ತು? ಆ 14 ದಿನದ ನೋಟಿಸ್ ಇವತ್ತು ಎಲ್ಲಾ ಕಾರ್ಖಾನೆಗಳಿಗೂ ಅನ್ವಯ. 2020ರಲ್ಲಿ ಪಾಸಾಗಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಅದಿದೆ. ಬ್ರಿಟಿಷರು ನೀರು, ರೈಲು, ಅಂಚೆಯಂಥ ಸೇವೆಗಳಿಗೆ ಸೀಮಿತಗೊಳಿಸಿದ್ದನ್ನು ನಾವು ಎಲ್ಲರಿಗೂ ಹಂಚಿದ್ದೇವೆ.

ಮೂರನೆಯ ಕಾಗದವೇ ಮೀರತ್.

1929ರ ಮಾರ್ಚ್ 20. ಮುಂಬೈ, ಕಲ್ಕತ್ತಾ, ಪಂಜಾಬ್, ಸಂಯುಕ್ತ ಪ್ರಾಂತ್ಯಗಳಲ್ಲಿ ಒಂದೇ ದಿನ ದಾಳಿ, 31 ಜನರ ಬಂಧನ. ಮುಂಬೈನಲ್ಲಿ ಸಿಕ್ಕವರಲ್ಲಿ ಘಾಟೆ, ಡಾಂಗೆ, ಮಿರಜಕರ್, ನಿಂಬ್ಕರ್, ಗಿರಣಿಯಲ್ಲೇ ಕೆಲಸ ಮಾಡಿ ಬಂದ ಆಳ್ವೆ ಮತ್ತು ಕಾಸ್ಲೆ. ಬರ್ಲಿನ್‌ನಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದು ಕೆಲವೇ ತಿಂಗಳ ಹಿಂದೆ ವಾಪಸ್ ಬಂದಿದ್ದ ಗಂಗಾಧರ ಅಧಿಕಾರಿಯೂ ಅದರಲ್ಲಿದ್ದರು. ಇಬ್ಬರು ಇಂಗ್ಲಿಷರು: ಕೇಂಬ್ರಿಜ್‌ನಲ್ಲಿ ಗಣಿತ ಓದಿದ್ದ ಫಿಲಿಪ್ ಸ್ಪ್ರಾಟ್, ಎಂಜಿನಿಯರಿಂಗ್ ಕಾರ್ಮಿಕರ ಸಂಘದ ಬೆನ್ ಬ್ರಾಡ್ಲಿ. ಆಮೇಲೆ ಪತ್ರಕರ್ತ ಲೆಸ್ಟರ್ ಹಚಿನ್ಸನ್ ಕೂಡ ಸೇರಿದರು. ಆರೋಪ ಭಾರತ ದಂಡ ಸಂಹಿತೆಯ 121ಎ: ಬ್ರಿಟಿಷ್ ಇಂಡಿಯಾದ ಮೇಲೆ ಚಕ್ರವರ್ತಿಗಿರುವ ಸಾರ್ವಭೌಮತ್ವವನ್ನು ಕಸಿಯುವ ಪಿತೂರಿ. ಈ ಸೆಕ್ಷನ್ 1870ರದ್ದು. ಇದರಲ್ಲಿ ಯಾರೂ ಏನನ್ನೂ ಮಾಡಿರಬೇಕಾಗಿಲ್ಲ, ಮಾಡಬೇಕು ಅಂತ ಒಪ್ಪಿಕೊಂಡಿದ್ದರೆ ಸಾಕು. ಈಗಲೂ ಇದೆ. ಭಾರತೀಯ ನ್ಯಾಯ ಸಂಹಿತೆಯ 148ನೇ ಸೆಕ್ಷನ್ ತೆಗೆದು ನೋಡಿ.

ಆರೋಪಿಗಳಲ್ಲಿ ಹೆಚ್ಚಿನವರು ಮುಂಬೈ ಮತ್ತು ಕಲ್ಕತ್ತಾದವರು. ಹಾಗಾದರೆ ಮೊಕದ್ದಮೆ ಮೀರತ್‌ನಲ್ಲಿ ಯಾಕೆ? ಅಲ್ಲಿ ರೈತ ಕಾರ್ಮಿಕ ಪಕ್ಷದ ಒಂದು ಶಾಖೆ ಇತ್ತು, ಕಾನೂನಿಗೆ ಅಷ್ಟು ನೆಪ ಸಾಕು. ನಿಜವಾದ ಕಾರಣ ಬೇರೆ. ಮುಂಬೈ ಅಥವಾ ಕಲ್ಕತ್ತಾದ ಹೈಕೋರ್ಟಿನಲ್ಲಿ ನಡೆದರೆ ಜ್ಯೂರಿ ಬೇಕಿತ್ತು. ಮೀರತ್‌ನ ಸೆಷನ್ಸ್ ಕೋರ್ಟಿನಲ್ಲಿ ಜ್ಯೂರಿ ಇಲ್ಲ. ಅಸೆಸರ್‌ಗಳು ಇರುತ್ತಾರೆ, ಅವರ ಅಭಿಪ್ರಾಯ ನ್ಯಾಯಾಧೀಶರನ್ನು ಕಟ್ಟಿಹಾಕಲ್ಲ. ಇನ್ನು ಕೋರ್ಟಿನ ಹೊರಗೆ ಸೇರಬಹುದಾದ ಸಾವಿರಾರು ಗಿರಣಿ ಕಾರ್ಮಿಕರು ಮೀರತ್‌ಗೆ ಬರೋದು ಅಸಾಧ್ಯ. ಸಾಕ್ಷಿಗಳು, ವಕೀಲರು, ಹಣ, ಮನೆಯವರು ಎಲ್ಲರೂ ದೂರ. ತಿಲಕರನ್ನು ಜ್ಯೂರಿಯೇ ಏಳಕ್ಕೆ ಎರಡರಂತೆ ತಪ್ಪಿತಸ್ಥರೆಂದಿತ್ತು, ಜ್ಯೂರಿ ಅಂದರೆ ನ್ಯಾಯ ಅಂತೇನೂ ಅಲ್ಲ. ಆದರೂ ಸರ್ಕಾರ ಆ ಸಣ್ಣ ಅಪಾಯವನ್ನೂ ತೆಗೆದುಕೊಳ್ಳಲಿಲ್ಲ.

ಆಮೇಲೆ ಶುರುವಾಗಿದ್ದು ಕಾಯುವಿಕೆ. 1929ರ ಜೂನ್‌ನಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ವಿಚಾರಣೆ, 1930ರ ಜನವರಿಯಲ್ಲಿ ಸೆಷನ್ಸ್. ಸಾವಿರಾರು ದಾಖಲೆಗಳು, ನೂರಾರು ಸಾಕ್ಷಿಗಳು. ದಾಖಲೆಗಳೆಂದರೆ ಏನು? ಅಂಗಡಿಯಲ್ಲಿ ಸಿಗುವ ಪುಸ್ತಕಗಳು, ಸಭೆಯ ನಡಾವಳಿ, ಕರಪತ್ರ, ಭಾಷಣದ ಪೊಲೀಸ್ ಟಿಪ್ಪಣಿ, ಅಂಚೆಯಲ್ಲಿ ತಡೆದು ತೆರೆದು ಓದಿದ ಪತ್ರಗಳು. ಪತ್ರ ಬರೆಯುತ್ತಿದ್ದ ಕಾರ್ಯದರ್ಶಿಗೆ ಇದು ಹೆಚ್ಚು ಕಷ್ಟದ ವಿಷಯ ಅಂತ ಬೇರೆ ಹೇಳಬೇಕಿಲ್ಲ. ಗುಪ್ತ ಸಂಕೇತದಲ್ಲಿ ಬರೆದ ಪತ್ರಗಳೂ ಅದರಲ್ಲಿದ್ದವು, ವಿದೇಶದಿಂದ ಸೂಚನೆ ಬರುತ್ತಿದ್ದದ್ದೂ ಹೌದು. ಆರೋಪಿಗಳು ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್ ಜೊತೆಗಿನ ನಂಟನ್ನು ಬಚ್ಚಿಡುವ ಗೋಜಿಗೂ ಹೋಗಲಿಲ್ಲ. ಬಹುಪಾಲು ಜನ ಕೋರ್ಟನ್ನೇ ವೇದಿಕೆ ಮಾಡಿಕೊಂಡು ತಮ್ಮ ವಾದವನ್ನು ದಿನಗಟ್ಟಲೆ ಮಂಡಿಸಿದರು. ಕಟಕಟೆಯಲ್ಲಿದ್ದವರೆಲ್ಲ ಕಮ್ಯುನಿಸ್ಟರೂ ಅಲ್ಲ, ಕೆಲವರು ಬರೀ ಯೂನಿಯನ್‌ನವರು. ಆದರೆ ಒಂದೇ ಒಂದು ಬಾಂಬ್, ಒಂದು ಬಂದೂಕು, ಒಂದು ಹಲ್ಲೆ? ಯಾವುದೂ ಆರೋಪದಲ್ಲಿ ಇರಲಿಲ್ಲ. ಮುಷ್ಕರ ಮಾಡಿಸಿದ್ದೇ ಪಿತೂರಿಯ ಪುರಾವೆ.

ಸುದ್ದಿ ದೂರ ಹೋಯಿತು. ನೆಹರೂ ಪ್ರತಿವಾದ ಸಮಿತಿಯಲ್ಲಿದ್ದರು. ಗಾಂಧಿ 1929ರ ಅಕ್ಟೋಬರ್‌ನಲ್ಲಿ ಮೀರತ್ ಜೈಲಿಗೆ ಹೋಗಿ ಕೈದಿಗಳನ್ನು ನೋಡಿ ಬಂದರು. ಯುರೋಪಿನಲ್ಲಿ ಐನ್‌ಸ್ಟೈನ್, ರೋಮಾ ರೋಲಾರಂಥವರು ಪ್ರತಿಭಟಿಸಿದರು. ಇಂಗ್ಲೆಂಡಿನ ಕಾರ್ಮಿಕ ರಂಗತಂಡಗಳು ಮೀರತ್ ಹೆಸರಿನದೇ ಒಂದು ಬೀದಿ ನಾಟಕ ಕಟ್ಟಿ, ಕೋಲುಗಳನ್ನು ಜೈಲಿನ ಸರಳುಗಳಂತೆ ಹಿಡಿದು, ಮ್ಯಾಂಚೆಸ್ಟರ್ ಕಡೆಯ ಕಾರ್ಖಾನೆ ಊರುಗಳಲ್ಲಿ ಆಡಿದವು. ಮುಂಬೈ ಗಿರಣಿಗಳ ಪೈಪೋಟಿಯಿಂದ ಕೆಲಸ ಕಳೆದುಕೊಳ್ಳುತ್ತಿದ್ದ ಲ್ಯಾಂಕಾಷೈರ್ ನೇಕಾರರ ಮುಂದೆ, ಮುಂಬೈ ಕಾರ್ಮಿಕರ ಪರವಾಗಿ! ನನಗೆ ಈ ಇಡೀ ಕತೆಯಲ್ಲಿ ಅತಿ ಹೆಚ್ಚು ಇಷ್ಟವಾಗುವ ಸಂಗತಿ ಇದೇ.

ಅಷ್ಟರಲ್ಲಿ ಮುಂಬೈನಲ್ಲಿ ಏನಾಗಿತ್ತು? ಬಂಧನಕ್ಕೆ ಒಂದು ತಿಂಗಳ ಮೊದಲು, ಫೆಬ್ರವರಿಯಲ್ಲಿ, ನಗರದಲ್ಲಿ ಕೋಮುಗಲಭೆ ನಡೆದು ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ತೈಲ ಕಂಪನಿಗಳ ಮುಷ್ಕರ ಮುರಿಯಲು ಪಠಾಣರನ್ನು ಕೆಲಸಕ್ಕೆ ಹಚ್ಚಿದ್ದೇ ಆ ಬೆಂಕಿಯ ಕಿಡಿಗಳಲ್ಲಿ ಒಂದು. ಏಪ್ರಿಲ್ ಕೊನೆಗೆ, ನಾಯಕರೆಲ್ಲ ಒಳಗಿರುವಾಗ, ಗಿರಣಿ ಕಾಮಗಾರ್ ಯೂನಿಯನ್ ಮತ್ತೆ ಸಾರ್ವತ್ರಿಕ ಮುಷ್ಕರಕ್ಕೆ ಕರೆ ಕೊಟ್ಟಿತು. ಅದು ಸೋತಿತು. 1929ರ ಕೊನೆಗೆ ಸದಸ್ಯರ ಸಂಖ್ಯೆ 800ರ ಆಸುಪಾಸು. ಇದಕ್ಕೆ ಬಂಧನ ಒಂದೇ ಕಾರಣ ಅಂತ ಹೇಳಿದರೆ ಅದು ಅರ್ಧ ಸತ್ಯ. ಆರು ತಿಂಗಳ ಮುಷ್ಕರದಿಂದ ಬಸವಳಿದ ಜನರನ್ನು ಆರೇಳು ತಿಂಗಳಲ್ಲಿ ಮತ್ತೆ ಬೀದಿಗಿಳಿಸಿದ್ದು ತಪ್ಪು ಲೆಕ್ಕ. ಮಾಸ್ಕೋದಿಂದ ಬಂದ ಹೊಸ ಧೋರಣೆಯಂತೆ ಉಳಿದವರೆಲ್ಲರನ್ನೂ ಶತ್ರುಗಳೆಂದು ದೂರ ತಳ್ಳಿದ್ದು, ಎಐಟಿಯುಸಿ ಒಡೆದದ್ದು, 1930ರ ಉಪ್ಪಿನ ಸತ್ಯಾಗ್ರಹದಿಂದ ದೂರ ನಿಂತಿದ್ದು, ಇವೆಲ್ಲ ತಾವೇ ಮಾಡಿಕೊಂಡ ಗಾಯಗಳು. ಆದರೆ ತಪ್ಪು ಲೆಕ್ಕವನ್ನು ತಿದ್ದಬಲ್ಲ ಅನುಭವಿಗಳು ಬಹಳ ದೂರದಲ್ಲಿ ಬೀಗದ ಹಿಂದೆ ಇದ್ದರು ಅನ್ನೋದೂ ನಿಜ. ನಾಯಕನನ್ನು ಕೊಂದಿದ್ದರೆ ಸಂಘ ರೊಚ್ಚಿಗೇಳುತ್ತಿತ್ತೋ ಏನೋ. ಕಾಯಿಸಿದರೆ ಸಂಘ ಸೊರಗುತ್ತೆ.

ತೀರ್ಪು ಬಂದಿದ್ದು 1933ರ ಜನವರಿ 16ಕ್ಕೆ. ಬಂಧನವಾಗಿ ಮೂರು ವರ್ಷ ಹತ್ತು ತಿಂಗಳಾಗಿತ್ತು. ನ್ಯಾಯಾಧೀಶ ಯಾರ್ಕ್ ಬರೆದ ತೀರ್ಪು ಆರುನೂರಕ್ಕೂ ಹೆಚ್ಚು ಪುಟ. 27 ಜನ ತಪ್ಪಿತಸ್ಥರು. ಮುಜಫ್ಫರ್ ಅಹ್ಮದ್‌ಗೆ ಜೀವಾವಧಿ ಗಡೀಪಾರು. ಘಾಟೆ, ಡಾಂಗೆ, ಸ್ಪ್ರಾಟ್, ಜೋಗಳೇಕರ್, ನಿಂಬ್ಕರ್ ಐವರಿಗೂ ಹನ್ನೆರಡು ವರ್ಷ. ಒಬ್ಬರು ತೀರ್ಪು ಕೇಳೋಕೆ ಇರಲಿಲ್ಲ. ಪುಣೆಯ ವೃದ್ಧ ಧುಂಡಿರಾಜ ಠೇಂಗಡಿ, ಎಐಟಿಯುಸಿಯ ಮಾಜಿ ಅಧ್ಯಕ್ಷರು, ಕಾಯಿಲೆ ಬಿದ್ದು ಮೊಕದ್ದಮೆ ನಡೆಯುತ್ತಿರುವಾಗಲೇ ತೀರಿಕೊಂಡಿದ್ದರು. 2021ರ ಜುಲೈ 5ರಂದು ಸ್ಟ್ಯಾನ್ ಸ್ವಾಮಿ ಬಂಧನದಲ್ಲಿದ್ದಾಗಲೇ ಮುಂಬೈನ ಆಸ್ಪತ್ರೆಯಲ್ಲಿ ಸತ್ತ ಸುದ್ದಿ ಬಂದಾಗ ಠೇಂಗಡಿಯ ಹೆಸರು ನೆನಪಾದವರು ಬಹಳ ಕಡಿಮೆ. ಸ್ಟ್ಯಾನ್ ಸ್ವಾಮಿ ಜೊತೆ ಅದೇ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧಿತರಾದ ಸುಧಾ ಭಾರದ್ವಾಜ್ ಛತ್ತೀಸಗಢದ ಗಣಿ ಮತ್ತು ಸಿಮೆಂಟ್ ಕಾರ್ಮಿಕರ ನಡುವೆ ದಶಕಗಟ್ಟಲೆ ಕೆಲಸ ಮಾಡಿದ ಯೂನಿಯನ್ ವಕೀಲೆ. ಮೂರು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದರು. ಆಗ ಪತ್ರ, ಈಗ ಲ್ಯಾಪ್‌ಟಾಪಿನ ಫೈಲ್.

ಒಂದು ವ್ಯತ್ಯಾಸ ಹೇಳಲೇಬೇಕು. ಮೀರತ್ ಮೊಕದ್ದಮೆ ನಾಲ್ಕು ವರ್ಷದೊಳಗೆ ಮುಗಿದಿತ್ತು. 1933ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಶಿಕ್ಷೆಗಳನ್ನು ತೀವ್ರವಾಗಿ ಇಳಿಸಿತು. ಕೆಲವರು ಖುಲಾಸೆಯಾದರು, ಜೀವಾವಧಿಯೇ ಮೂರು ವರ್ಷಕ್ಕೆ ಇಳಿಯಿತು, ಘಾಟೆಯ ಹನ್ನೆರಡು ವರ್ಷದಲ್ಲಿ ಬಹುಪಾಲು ಕರಗಿಹೋಯಿತು. ಅಂದರೆ ತೀರ್ಪಿನ ನಂತರದ ಶಿಕ್ಷೆಗಿಂತ ತೀರ್ಪಿಗೆ ಮೊದಲಿನ ಜೈಲುವಾಸವೇ ಉದ್ದ. ಆ ವರ್ಷಗಳನ್ನು ಯಾವ ಮೇಲ್ಮನವಿಯೂ ವಾಪಸ್ ಕೊಡಲ್ಲ.

ಹೊರಬಂದ ಘಾಟೆಗೆ 36 ದಾಟಿತ್ತು. 1934ರಲ್ಲಿ ಪಕ್ಷವೇ ನಿಷೇಧವಾಯಿತು. ಅವರ ಮುಂದಿನ ಕೆಲಸದ ಜಾಗ ದಕ್ಷಿಣ, ಹೆಚ್ಚಾಗಿ ಮದ್ರಾಸ್. ಮುಂಬೈನ ಗದ್ದಲದಲ್ಲಿ ಹಿಂದೆ ಉಳಿಯುತ್ತಿದ್ದ ಈ ಮಿತಭಾಷಿಯ ನಿಜವಾದ ಗುಣ ಕಂಡಿದ್ದು ಇಲ್ಲಿ ಅನಿಸುತ್ತೆ. 1937ರಲ್ಲಿ ಕೋಝಿಕ್ಕೋಡಿನಲ್ಲಿ ಒಂದು ಗುಟ್ಟಿನ ಸಭೆ ನಡೆಯಿತು. ಪಿ. ಕೃಷ್ಣ ಪಿಳ್ಳೆ, ಇ.ಎಂ.ಎಸ್. ನಂಬೂದಿರಿಪಾಡ್, ಕೆ. ದಾಮೋದರನ್, ಎನ್.ಸಿ. ಶೇಖರ್ ಮತ್ತು ಕೇಂದ್ರದಿಂದ ಬಂದ ಘಾಟೆ. ಕೇರಳದ ಮೊದಲ ಕಮ್ಯುನಿಸ್ಟ್ ಘಟಕ ಅದು. ಇಪ್ಪತ್ತೇ ವರ್ಷದಲ್ಲಿ ಆ ನಾಲ್ವರಲ್ಲಿ ಒಬ್ಬರು ಮುಖ್ಯಮಂತ್ರಿಯಾದರು. ಆ ಬೀಜ ಗಡಿ ದಾಟಿ ನಮ್ಮ ಕಾಸರಗೋಡಿಗೂ ಬಂತು. ದಕ್ಷಿಣ ಕೆನರಾ ಜಿಲ್ಲೆಯೊಳಗೇ ಇದ್ದ ಕಯ್ಯೂರಿನಲ್ಲಿ 1941ರಲ್ಲಿ ರೈತರ ಪ್ರತಿಭಟನೆಯ ವೇಳೆ ಒಬ್ಬ ಪೊಲೀಸ್ ಸತ್ತು, 1943ರ ಮಾರ್ಚ್‌ನಲ್ಲಿ ನಾಲ್ವರು ರೈತ ಯುವಕರನ್ನು ಗಲ್ಲಿಗೇರಿಸಲಾಯಿತು. ನಿರಂಜನರ ‘ಚಿರಸ್ಮರಣೆ’ ಓದಿದವರಿಗೆ ಇದು ಗೊತ್ತು.

ಕಯ್ಯೂರು ಹೊತ್ತಿಕೊಂಡಾಗ ಘಾಟೆ ಮತ್ತೆ ಒಳಗಿದ್ದರು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಸರ್ಕಾರಕ್ಕೆ ಪಿತೂರಿ ಮೊಕದ್ದಮೆಯ ಕಷ್ಟವೂ ಬೇಡವಾಯಿತು, ವಿಚಾರಣೆಯಿಲ್ಲದೆ ಬಂಧಿಸುವ ಯುದ್ಧಕಾಲದ ನಿಯಮಗಳಿದ್ದವು. ರಾಜಸ್ಥಾನದ ಮರುಭೂಮಿ ಅಂಚಿನ ದೇವಳಿ ಶಿಬಿರದಲ್ಲಿ ಡಾಂಗೆ, ರಣದಿವೆ, ಅಜಯ್ ಘೋಷ್, ಜೊತೆಗೆ ಸಮಾಜವಾದಿ ಜಯಪ್ರಕಾಶ ನಾರಾಯಣ. 1941ರಲ್ಲಿ ಅಲ್ಲಿ ದೊಡ್ಡ ಉಪವಾಸ ಮುಷ್ಕರ ನಡೆಯಿತು. ಮೀರತ್‌ನಲ್ಲಿ ಕೊನೇಪಕ್ಷ ಒಂದು ಕಟಕಟೆ ಇತ್ತು, ಅಲ್ಲಿ ನಿಂತು ಮಾತಾಡಬಹುದಿತ್ತು. ದೇವಳಿಯಲ್ಲಿ ಅದೂ ಇರಲಿಲ್ಲ.

ಇದೇ ಮಂಗಳೂರಿನಿಂದ, ಘಾಟೆಗಿಂತ ಒಂದು ತಲೆಮಾರು ತಡವಾಗಿ, ಇನ್ನೊಬ್ಬ ಹುಡುಗ ಮುಂಬೈಗೆ ಹೋಗಿ ಕಾರ್ಮಿಕ ನಾಯಕನಾದ: ಜಾರ್ಜ್ ಫರ್ನಾಂಡಿಸ್. 1974ರ ಮೇ ತಿಂಗಳ ರೈಲ್ವೆ ಮುಷ್ಕರದಲ್ಲಿ ಸಾವಿರಾರು ರೈಲ್ವೆ ನೌಕರರನ್ನು ಬಂಧಿಸಲಾಯಿತು, ಕ್ವಾರ್ಟರ್ಸ್‌ಗಳಿಂದ ಕುಟುಂಬಗಳನ್ನೇ ಹೊರಹಾಕಲಾಯಿತು. ಅರಸೀಕೆರೆಯಂಥ ಜಂಕ್ಷನ್ ಊರುಗಳ ರೈಲ್ವೆ ಕಾಲೋನಿಗಳಲ್ಲಿ ಆ ತಲೆಮಾರಿನ ನಿವೃತ್ತರು ಸಿಕ್ಕರೆ ಕೂತು ಕೇಳಿ. ಆಗ ಅಧಿಕಾರದಲ್ಲಿ ಇದ್ದದ್ದು ನಮ್ಮದೇ ಸರ್ಕಾರ, ಮೀರತ್ ಪ್ರತಿವಾದ ಸಮಿತಿಯಲ್ಲಿದ್ದ ನೆಹರೂ ಅವರ ಮಗಳ ಸರ್ಕಾರ.

ಸ್ವಾತಂತ್ರ್ಯದ ನಂತರ ಘಾಟೆ ಒಂದೇ ಒಂದು ಸಲ ದೊಡ್ಡದಾಗಿ ಮಧ್ಯೆ ಪ್ರವೇಶಿಸಿದ್ದು ಗೊತ್ತು. 1948ರಿಂದ ಪಕ್ಷ ಸಶಸ್ತ್ರ ದಂಗೆಯ ದಾರಿ ಹಿಡಿದು ಹೊರಟು, ತನ್ನದೇ ಕಾರ್ಯಕರ್ತರನ್ನು ಬಲಿಕೊಡುತ್ತಿತ್ತು. 1950ರ ಸೆಪ್ಟೆಂಬರ್ ಕೊನೆಗೆ ಅಜಯ್ ಘೋಷ್, ಡಾಂಗೆ ಮತ್ತು ಘಾಟೆ ಮೂವರೂ ‘ಪ’ ಅಕ್ಷರದಿಂದ ಶುರುವಾಗುವ ಗುಪ್ತನಾಮಗಳಲ್ಲಿ ಒಂದು ಉದ್ದದ ಪತ್ರ ಬರೆದು, ಈ ದಾರಿ ಜನರಿಂದ ನಮ್ಮನ್ನು ಕಡಿದುಹಾಕುತ್ತಿದೆ ಅಂತ ಎಚ್ಚರಿಸಿದರು. ಘಾಟೆ ಆದದ್ದು ಪುರುಷೋತ್ತಮ. ಪಕ್ಷದ ದಾರಿ ಬದಲಾಗೋಕೆ ಆ ಪತ್ರವೂ ಒಂದು ಕಾರಣವಾಯಿತು. ಪತ್ರ ಬರೆದೇ ಜೈಲಿಗೆ ಹೋದವರು ಪತ್ರ ಬರೆಯೋದನ್ನು ಬಿಟ್ಟಿರಲಿಲ್ಲ.

1964ರಲ್ಲಿ ಪಕ್ಷ ಒಡೆದಾಗ ಘಾಟೆ ಸಿಪಿಐನಲ್ಲೇ ಉಳಿದು, ದೆಹಲಿಯಲ್ಲಿ ಕೇಂದ್ರದ ಕೆಲಸ ನೋಡಿಕೊಂಡರು. ಮೀರತ್‌ನಲ್ಲಿ ಅವರಷ್ಟೇ, ಹನ್ನೆರಡು ವರ್ಷದ ಶಿಕ್ಷೆ ಪಡೆದ ಸ್ಪ್ರಾಟ್ ಅಷ್ಟರಲ್ಲಿ ಪೂರ್ತಿ ಎದುರು ದಿಕ್ಕಿಗೆ ಹೋಗಿದ್ದರು. ಸಿಂಗಾರವೇಲು ಕುಟುಂಬದ ಹೆಣ್ಣುಮಗಳನ್ನು ಮದುವೆಯಾಗಿ, ಬೆಂಗಳೂರಲ್ಲಿ ನೆಲೆಸಿ, ‘ಮಿಸ್‌ಇಂಡಿಯಾ’ ಅನ್ನೋ ಇಂಗ್ಲಿಷ್ ವಾರಪತ್ರಿಕೆಯ ಸಂಪಾದಕರಾಗಿ ಕಮ್ಯುನಿಸಂ ವಿರುದ್ಧ ವರ್ಷಗಟ್ಟಲೆ ಬರೆದರು. ಹುಟ್ಟೂರು ಮಂಗಳೂರಾದವರು ದೆಹಲಿಯಲ್ಲಿ, ಇಂಗ್ಲೆಂಡಿನವರು ಬೆಂಗಳೂರಲ್ಲಿ. ಘಾಟೆ ತೀರಿಕೊಂಡಿದ್ದು 1970ರ ನವೆಂಬರ್‌ನಲ್ಲಿ, ಸ್ಪ್ರಾಟ್ ಅದಾಗಿ ಕೆಲವೇ ತಿಂಗಳಿಗೆ, 1971ರ ಮಾರ್ಚ್‌ನಲ್ಲಿ, ಮದ್ರಾಸಿನಲ್ಲಿ.